ಹಳೆಯ ಲಾರಿಯನ್ನು ಕೊಳ್ಳುವ ಮುನ್ನ ಪರೀಕ್ಷಿಸತಕ್ಕ ಅಂಶಗಳು

ಚುಂಚನಕಟ್ಟೆಯ ಜಾತ್ರೆಯಲ್ಲಿ ಒಂದು ಜೊತೆ ಎತ್ತುಗಳನ್ನು ಕೊಳ್ಳುವ ರೈತನು ಅವುಗಳ ಹಲ್ಲನ್ನು ಎಣಿಸಿ, ಸುಳಿಯನ್ನು ನೋಡಿ, ಗೊರಸನ್ನು ಎತ್ತಿಸಿ, ನಡೆಸಿ ನೋಡಿದ ಹೊರತು ಬೆಲೆಯ ಮಾತನ್ನು ಎತ್ತುವುದಿಲ್ಲ. ಆದರೆ ಅವುಗಳಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯುಳ್ಳ ಹಳೆಯ ಲಾರಿಯನ್ನು ಕೊಳ್ಳುವಾಗ ಅದೇ ರೈತನು ಹೊಸ ಬಣ್ಣವನ್ನು ಕಂಡು ಮುಂಗಡ ಕೊಟ್ಟುಬಿಡುವುದುಂಟು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ತಂಬಾಕನ್ನು ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರ ಮುಂತಾದ ಹರಾಜು ಕೇಂದ್ರಗಳಿಗೂ, ಶುಂಠಿ, ಭತ್ತ, ಜೋಳಗಳನ್ನು ದೂರದ ಪೇಟೆಗಳಿಗೂ ಸಾಗಿಸಬೇಕಾಗಿರುವುದರಿಂದ, ಸ್ವಂತ ಲಾರಿಯ ಆಸೆಯು ಸಹಜವೇ ಆಗಿದೆ. ಆದರೆ ಬಾಡಿಗೆಯು ಸುಗ್ಗಿಯ ಕೆಲವು ತಿಂಗಳು ಮಾತ್ರ ದೊರೆಯುತ್ತದೆ. ಸಾಲದ ಕಂತು ಹನ್ನೆರಡು ತಿಂಗಳೂ ಬರುತ್ತದೆ. ಹರಾಜಿನ ಕಾಲದಲ್ಲಿ ಲಾರಿಯು ಒಂದು ತಿಂಗಳು ಕಾರ್ಖಾನೆಯಲ್ಲಿ ನಿಂತರೆ ವರ್ಷದ ಸಂಪಾದನೆಗೇ ಕುಂದುಂಟಾಗುವುದು. ಸಾಲಕ್ಕೆ ಜಾಮೀನು ನಿಲ್ಲುವ ಗ್ರಾಮದ ಮುಖಂಡರಿಗೂ ಇದು ಸಂಬಂಧಪಟ್ಟ ವಿಷಯವೇ. ೧೮೭೨ನೆಯ ಇಸವಿಯ ಕರಾರು ಕಾಯಿದೆಯ ಮೇರೆಗೆ, ಕರಾರಿನಲ್ಲಿ ಬೇರೆ ವಿಧಿ ಇಲ್ಲದಿದ್ದಲ್ಲಿ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಆದಕಾರಣ ರುಜು ಹಾಕುವ ಮುನ್ನ ಲಾರಿಯನ್ನು ಈ ಕೆಳಗಿನ ಕ್ರಮದಲ್ಲಿ ಪರೀಕ್ಷಿಸತಕ್ಕದ್ದು.

೧. ಕಾಗದಪತ್ರಗಳು

ಮೊದಲು ನೋಂದಣಿ ಪತ್ರವನ್ನು ತರಿಸಿಕೊಳ್ಳಬೇಕು. ಚಾಸಿಸಿನ ಮೇಲೆ ಕೊರೆದಿರುವ ಸಂಖ್ಯೆಯ ಮೇಲೆ ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಚ್ಚು ಮೂಡುವುದು. ಅದು ಪತ್ರದಲ್ಲಿರುವ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. ಆ ಸ್ಥಳವನ್ನು ಅರದಿಂದ ಉಜ್ಜಿದ ಅಥವಾ ಬೆಸುಗೆ ಹಾಕಿದ ಗುರುತಿದ್ದರೆ, ಎಷ್ಟೇ ಅಗ್ಗವಾಗಿದ್ದರೂ ಆ ಲಾರಿಯನ್ನು ಬಿಟ್ಟುಬಿಡುವುದೇ ಲೇಸು.

ಪತ್ರದಲ್ಲಿ ಸಾಲಸಂಸ್ಥೆಯ ಹೆಸರಿದ್ದರೆ, ಸಾಲ ತೀರಿದುದಕ್ಕೆ ಆ ಸಂಸ್ಥೆಯು ರುಜು ಹಾಕಿದ ೩೫ನೆಯ ನಮೂನೆ ಕೈಸೇರದೆ ಪೂರ್ತಿ ಹಣ ಕೊಡಕೂಡದು. ಎಂಟು ವರ್ಷದವರೆಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆಯೂ, ಅನಂತರ ಪ್ರತಿ ವರ್ಷವೂ ಯೋಗ್ಯತಾ ಪತ್ರ, ಅಂದರೆ ಎಫ್.ಸಿ., ಆಗಬೇಕು. ಅದರ ಅವಧಿ, ತೆರಿಗೆ, ವಿಮೆ, ಪರ್ಮಿಟ್ಟು ಮತ್ತು ಬಾಕಿ ದಂಡಗಳನ್ನು ವಿಚಾರಿಸಬೇಕು. ಕೇರಳ, ತಮಿಳುನಾಡುಗಳ ಲಾರಿಯಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ವರ್ಗಾವಣೆಗೆ ೨೯ ಮತ್ತು ೩೦ನೆಯ ನಮೂನೆಗಳನ್ನು ಹುಣಸೂರಿನ ಸಾರಿಗೆ ಕಚೇರಿಯಲ್ಲಿ, ಅಂದರೆ ಕೆ.ಎ. ೪೫ರಲ್ಲಿ, ಕೊಂಡವನು ೩೦ ದಿನಗಳೊಳಗಾಗಿ ಸಲ್ಲಿಸತಕ್ಕದ್ದು. ವಿಮೆಯ ವರ್ಗಾವಣೆಗೆ ೧೪ ದಿನಗಳೊಳಗೆ ಅರ್ಜಿ ಕೊಡಬೇಕು.

೨. ನಿಂತಿರುವಾಗ

ಲಾರಿಯನ್ನು ಬೆಳಗಿನ ಹೊತ್ತು, ಎಂಜಿನು ತಣ್ಣಗಿರುವಾಗಲೇ ನೋಡಬೇಕು. ಮುಟ್ಟಿದಾಗ ಬಿಸಿಯಿದ್ದರೆ, ತಣ್ಣಗೆ ಹೊರಡುವಾಗಿನ ತೊಂದರೆಯನ್ನು ಮರೆಮಾಚಲು ಮೊದಲೇ ನಡೆಸಿರಬಹುದು. ಎಣ್ಣೆಯ ಕಡ್ಡಿಯನ್ನು ತೆಗೆದಾಗ ಎಣ್ಣೆಯು ಹಾಲು ಬೆರೆಸಿದಂತೆ ಕಂಡರೆ ಅದಕ್ಕೆ ನೀರು ಸೇರಿದೆಯೆಂದು ತಿಳಿಯಬೇಕು.

ಅನಂತರ ಲಾರಿಯ ಕೆಳಗೆ ಮಲಗಿ ನೋಡಬೇಕು. ಚಾಸಿಸಿನ ಎರಡು ಉದ್ದ ತೊಲೆಗಳಲ್ಲಿ, ವಿಶೇಷವಾಗಿ ಕಮಾನು ಪಟ್ಟಿಗಳು ಕೂಡುವ ಕಡೆ, ಬಿರುಕು, ಬೆಸುಗೆ, ತುಕ್ಕುಗಳನ್ನು ಹುಡುಕತಕ್ಕದ್ದು. ಒಂದೇ ಕಡೆ ಹೊಸ ಬಣ್ಣವಿದ್ದರೆ ಅಲ್ಲಿ ಏನನ್ನೋ ಮುಚ್ಚಿರಬಹುದು. ಕರಾವಳಿಯಲ್ಲಿ ಮೀನು, ಉಪ್ಪುಗಳನ್ನು ಹೊತ್ತ ಲಾರಿಗಳಿಗೆ ತುಕ್ಕೂ, ಕಲ್ಲು, ಮರಳುಗಳನ್ನು ಹೊತ್ತವುಗಳಿಗೆ ಬಿರುಕೂ ಹೆಚ್ಚು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೨೧ ಎಂದಿದ್ದರೆ ಅದು ೨೦೨೧ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದು. ಮುಂದಿನ ಟೈರುಗಳು ಒಂದೇ ಅಂಚಿನಲ್ಲಿ ಸವೆದಿದ್ದರೆ ಮುಂಭಾಗದ ಹೊಂದಿಕೆಯು ಕೆಟ್ಟಿರಬಹುದು.

೩. ನಡೆಯುವಾಗ

ಎಂಜಿನು ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಒಳಕ್ಕೆ ನೀರು ಸೇರುತ್ತಿರಬಹುದು. ದಟ್ಟ ಕಪ್ಪು ಹೊಗೆಯು ಡೀಸೆಲ್ ಸರಿಯಾಗಿ ಉರಿಯದಿರುವ ಲಕ್ಷಣ. ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದಾಗ ಹೊಗೆಯು ರಭಸದಿಂದ ನುಗ್ಗಿದರೆ ಪಿಸ್ಟನ್ನಿನ ಬಳೆಗಳು ಸವೆದಿರುತ್ತವೆ.

ಗಾಳಿಯ ಬ್ರೇಕನ್ನು ಪರೀಕ್ಷಿಸಲು, ಗಾಳಿಯ ಮುಳ್ಳು ಪೂರ್ತಿ ಏರಿದ ಮೇಲೆ ಎಂಜಿನನ್ನು ನಿಲ್ಲಿಸಿ, ಬ್ರೇಕನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ಮುಳ್ಳು ಇಳಿಯುತ್ತಲೇ ಹೋದರೆ ಸೋರಿಕೆಯುಂಟು. ಶುಂಠಿಯನ್ನು ಹೊತ್ತು ವಯನಾಡಿನ ಘಟ್ಟವನ್ನು ಇಳಿಯಬೇಕಾದ ಲಾರಿಯಲ್ಲಿ ಈ ದೋಷವು ಚಾಲಕನ ಪ್ರಾಣಕ್ಕೇ ಅಪಾಯ.

ಬರಿಯ ಲಾರಿಯನ್ನು ಓಡಿಸಿ ನೋಡಿದರೆ ಸಾಲದು. ನಿಯಮಿತ ತೂಕದಷ್ಟು ಹೊರೆ ಹೇರಿ ಏರುದಾರಿಯಲ್ಲಿ ಹತ್ತಿಸಬೇಕು. ಗೇರು ತಾನಾಗಿ ಜಾರುವುದು, ಕ್ಲಚ್ಚು ಹಿಡಿಯದಿರುವುದು, ನೀರು ಕಾಯುವುದು ಆಗಲೇ ಹೊರಬೀಳುವುವು.

೨೦೨೦ನೆಯ ಏಪ್ರಿಲ್ ೧ರಿಂದ ಬಿ.ಎಸ್. ೬ ನಿಯಮದಂತೆ ಬಂದ ದೊಡ್ಡ ಲಾರಿಗಳಲ್ಲಿ ಹೊಗೆಯ ಶುದ್ಧಿಗಾಗಿ ಶೇಕಡ ೩೨.೫ರಷ್ಟು ಶುದ್ಧ ಯೂರಿಯಾ ಉಳ್ಳ ದ್ರವವನ್ನು ಬೇರೆ ತೊಟ್ಟಿಗೆ ತುಂಬುತ್ತಾರೆ. ಹೊಲದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿರುವುದರಿಂದ, ಅದನ್ನು ನೀರಿನಲ್ಲಿ ಕದಡಿ ತುಂಬಿದರೆ ಬಹು ಬೆಲೆಯ ಉಪಕರಣವೇ ಕೆಡುವುದು. ಹಿಂದಿನ ಮಾಲೀಕನು ಯಾವ ದ್ರವವನ್ನು ಹಾಕುತ್ತಿದ್ದನೆಂದು ಕೇಳಿ ತಿಳಿಯಬೇಕು.

೪. ಬೆಲೆಯ ನಿರ್ಣಯ

ಮಾರುವವನ ಪರಿಚಯದವನಲ್ಲದ ಮೇಸ್ತ್ರಿಯನ್ನೂ ಅನುಭವಿಯಾದ ಚಾಲಕನನ್ನೂ ಕರೆದೊಯ್ಯತಕ್ಕದ್ದು. ಕಂಡ ದೋಷಗಳನ್ನು ಒಂದೊಂದಾಗಿ ಬರೆದು, ಟೈರು, ಬ್ಯಾಟರಿ, ದುರಸ್ತಿ, ವಿಮೆ, ಎಫ್.ಸಿ.ಗಳ ಖರ್ಚನ್ನು ಕೂಡಿಸಿ, ಕೇಳಿದ ಬೆಲೆಯಿಂದ ಕಳೆದರೆ ಲಾರಿಯ ನಿಜವಾದ ಬೆಲೆಯು ತಿಳಿಯುವುದು. ದುರಸ್ತಿಗೂ ಬಾಡಿಗೆಯಿಲ್ಲದ ತಿಂಗಳುಗಳ ಕಂತಿಗೂ ಸಾಕಾಗುವಷ್ಟು ಹಣ ಕೈಯಲ್ಲಿ ಉಳಿಯದಿದ್ದರೆ, ಆ ವರ್ಷ ಬಾಡಿಗೆ ಲಾರಿಯಲ್ಲಿಯೇ ಮಾಲನ್ನು ಸಾಗಿಸಿ, ಜಮೀನನ್ನು ಅಡವಿಡದೆ ಉಳಿಸಿಕೊಳ್ಳುವುದು ಕುಟುಂಬಕ್ಕೂ ಜಾಮೀನುದಾರನಿಗೂ ಕ್ಷೇಮಕರ.