ಚಾಲಕನೇ ಇಲ್ಲ, ದಂಡ ಯಾರಿಗೆ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಹತ್ತಿರ ಸ್ಯಾನ್ ಬ್ರೂನೋ ಎಂಬ ಚಿಕ್ಕ ಊರಿದೆ. 2025ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಕುಡಿದು ವಾಹನ ಓಡಿಸುವವರನ್ನು ಹಿಡಿಯಲು ಅಲ್ಲಿನ ಪೊಲೀಸರು ಕಾದಿದ್ದರು. ಅವರ ಕಣ್ಣೆದುರಿಗೇ ಬಿಳಿ ಕಾರೊಂದು ಸಿಗ್ನಲ್ ಬಳಿ, ತಿರುಗಬಾರದ ಜಾಗದಲ್ಲಿ, ರಾಜಾರೋಷವಾಗಿ ಯೂ ಟರ್ನ್ ಹೊಡೆಯಿತು. ಪೊಲೀಸರು ತಡೆದರು. ಇಣುಕಿ ನೋಡಿದರೆ ಸ್ಟಿಯರಿಂಗ್ ಹಿಂದೆ ಯಾರೂ ಇಲ್ಲ!

ದಂಡದ ಚೀಟಿ ಬರೆಯುವುದಾದರೂ ಯಾರ ಹೆಸರಿಗೆ? ತಮ್ಮ ಚೀಟಿ ಪುಸ್ತಕದಲ್ಲಿ ರೋಬಟ್‌ಗೆಂದು ಕಾಲಂ ಇಲ್ಲ ಎಂದು ಪೊಲೀಸರೇ ಆಮೇಲೆ ತಮಾಷೆ ಮಾಡಿದರು. ಕಂಪೆನಿಗೆ ವಿಷಯ ಮುಟ್ಟಿಸಿ ಕಾರನ್ನು ಬಿಟ್ಟು ಕಳಿಸಿದರು.

ಅದು 'ವೇಮೊ' ಕಂಪೆನಿಯ ಕಾರು. 2009ರಲ್ಲಿ ಗೂಗಲ್ ಸಂಸ್ಥೆಯೊಳಗೆ ಗುಟ್ಟಾಗಿ ಶುರುವಾದ ಪ್ರಯೋಗದ ಕೂಸು. ನೆತ್ತಿಯ ಮೇಲೆ ಬುರುಡೆಯಂಥದೊಂದು ಉಪಕರಣ. ಅದರಿಂದ ಹೊಮ್ಮುವ ಲೇಸರ್ ಕಿರಣಗಳು, ಜತೆಗೆ ರೇಡಾರ್, ಕ್ಯಾಮೆರಾಗಳು ಸುತ್ತಲಿನದನ್ನೆಲ್ಲ ಅಳೆಯುತ್ತವೆ. ಯಾವಾಗ ಬ್ರೇಕ್ ಒತ್ತಬೇಕು, ಯಾವಾಗ ತಿರುಗಬೇಕು ಎಂಬುದನ್ನು ಒಳಗಿನ ಕಂಪ್ಯೂಟರ್ ನಿರ್ಧರಿಸುತ್ತದೆ. 2024ರ ಜೂನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾರು ಬೇಕಾದರೂ ಫೋನಿನಲ್ಲೇ ಇಂಥ ಟ್ಯಾಕ್ಸಿ ಕರೆಸಿಕೊಳ್ಳಬಹುದು.

ಈ ಕಾರಿಗಾಗಿ ಹಂಬಲಿಸಿದವರ ಸಾಲಿನಲ್ಲಿ ದೃಷ್ಟಿಹೀನರು ಮೊದಲಿಗರು. 2015ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಕಣ್ಣು ಕಾಣದ ವ್ಯಕ್ತಿಯೊಬ್ಬರು ಗೂಗಲ್ ಕಾರಿನಲ್ಲಿ ಒಬ್ಬರೇ ಕುಳಿತು ಸಾರ್ವಜನಿಕ ರಸ್ತೆಯಲ್ಲಿ ಹೋಗಿಬಂದಿದ್ದರು. ಯಾರ ಹಂಗೂ ಇಲ್ಲದೆ ಬೇಕೆಂದಾಗ ಹೊರಡುವುದು ಕಣ್ಣುಳ್ಳವರಿಗೆ ದೊಡ್ಡ ಸಂಗತಿಯಲ್ಲ. ಅವರಿಗೆ ಅದೇ ಸ್ವಾತಂತ್ರ್ಯ. ಸರಿರಾತ್ರಿ ಒಂಟಿಯಾಗಿ ಮನೆಗೆ ಮರಳುವ ಹೆಣ್ಣುಮಕ್ಕಳಿಗೂ ಅಪರಿಚಿತ ಚಾಲಕನಿಲ್ಲದ ಕಾರು ಒಂದು ನೆಮ್ಮದಿಯೇ. ಇನ್ನು ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಮೊಬೈಲ್ ನೋಡುವುದಿಲ್ಲ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಈ ಅಂಕಿಯ ಎದುರು ಯಂತ್ರದ ಪರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಹಾಗಾದರೆ ಜನ ಹೆದರುವುದೇಕೆ?

2018ರ ಮಾರ್ಚ್ 18ರ ರಾತ್ರಿ ಅರಿಜೋನಾ ರಾಜ್ಯದ ಟೆಂಪೆ ನಗರದಲ್ಲಿ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಊಬರ್ ಕಂಪೆನಿಯ ಪ್ರಯೋಗದ ಕಾರು ಅವರನ್ನು ಕಂಡಿತ್ತು. ಕಂಡೂ ಅದೇನೆಂದು ಗೊತ್ತಾಗಲಿಲ್ಲ. ಒಮ್ಮೆ ಯಾವುದೋ ವಸ್ತು ಎಂದಿತು, ಒಮ್ಮೆ ವಾಹನ ಎಂದಿತು, ಆಮೇಲೆ ಸೈಕಲ್ ಎಂದಿತು. ಅಷ್ಟರಲ್ಲಿ ಹೊತ್ತು ಮೀರಿತ್ತು, ಆಕೆ ಉಳಿಯಲಿಲ್ಲ. ಕಾರಿನ ಮೇಲೆ ನಿಗಾ ಇಡಲೆಂದು ಸೀಟಿನಲ್ಲಿದ್ದ ಉದ್ಯೋಗಿಯ ದೃಷ್ಟಿ ರಸ್ತೆಯ ಮೇಲಿರಲಿಲ್ಲ. ತಪ್ಪೊಪ್ಪಿಕೊಂಡ ಆ ಉದ್ಯೋಗಿಗೆ 2023ರಲ್ಲಿ ಮೂರು ವರ್ಷಗಳ ಪ್ರೊಬೇಷನ್ ಶಿಕ್ಷೆಯಾಯಿತು. ಕಂಪೆನಿಯ ಮೇಲೆ ಮಾತ್ರ ಕ್ರಿಮಿನಲ್ ಮೊಕದ್ದಮೆಯೇ ಹೂಡಲಿಲ್ಲ. ಕಾರಿಗೆ ಬುದ್ಧಿ ಕಲಿಸಿದವರು ಯಾರೋ, ಕಟಕಟೆ ಹತ್ತಿದವರು ಇನ್ನಾರೋ!

2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದದ್ದು ಇನ್ನೂ ತೊಡಕಿನ ಪ್ರಕರಣ. ಪಾದಚಾರಿ ಮಹಿಳೆಗೆ ಮೊದಲು ಗುದ್ದಿದ್ದು ಮನುಷ್ಯನೇ ಓಡಿಸುತ್ತಿದ್ದ ಕಾರು. ಅದು ಪರಾರಿಯಾಯಿತು. ಆಕೆ ಹೋಗಿ ಬಿದ್ದದ್ದು 'ಕ್ರೂಸ್' ಕಂಪೆನಿಯ ಚಾಲಕರಹಿತ ಕಾರಿನ ಮುಂದೆ. ಕಾರು ಬ್ರೇಕ್ ಹಾಕಿ ನಿಂತಿತು. ಆದರೆ ಅಡಿಯಲ್ಲಿ ಜೀವವೊಂದು ಸಿಲುಕಿದೆ ಎಂಬುದು ಅದಕ್ಕೆ ತಿಳಿಯದು. ರಸ್ತೆಯ ಬದಿಗೆ ಸರಿಯಲು ಹೊರಟು ಆಕೆಯನ್ನು ಸುಮಾರು 20 ಅಡಿ ಎಳೆದೊಯ್ದಿತು. ಎಂಥ ಒರಟ ಚಾಲಕನಾದರೂ ಕೂಗು ಕೇಳಿ ಇಳಿದು ಬಗ್ಗಿ ನೋಡುತ್ತಿದ್ದ. ಆ ಎಳೆದಾಟದ ಸಂಗತಿಯನ್ನು ಕಂಪೆನಿ ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಮುಚ್ಚಿಟ್ಟಿತು. ಪರವಾನಗಿ ಹೋಯಿತು, ಐದು ಲಕ್ಷ ಡಾಲರ್ ದಂಡ ಬಿತ್ತು. 2024ರ ಡಿಸೆಂಬರ್‌ನಲ್ಲಿ ಒಡೆಯ ಸಂಸ್ಥೆ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ಸಾಹಸವನ್ನೇ ಕೈಬಿಟ್ಟಿತು.

ಜನರ ಸಿಟ್ಟು ಬೀದಿಯಲ್ಲೂ ಕಾಣಿಸಿಕೊಂಡಿದೆ. 2023ರಲ್ಲಿ ಕೆಲವರು ರಸ್ತೆ ಕಾಮಗಾರಿಗೆ ಬಳಸುವ ಕಿತ್ತಳೆ ಬಣ್ಣದ ಕೋನ್ ತಂದು ಇಂಥ ಕಾರುಗಳ ಬಾನೆಟ್ ಮೇಲಿಟ್ಟರು. ಕೋಟಿಗಟ್ಟಲೆ ಡಾಲರ್ ಸುರಿದು ಬೆಳೆಸಿದ ಬುದ್ಧಿ ಅಲ್ಲೇ ಬೆಪ್ಪಾಗಿ ನಿಂತಿತು! 2024ರ ಫೆಬ್ರುವರಿಯಲ್ಲಿ ಅಲ್ಲಿನ ಚೈನಾಟೌನ್‌ನಲ್ಲಿ ಗುಂಪೊಂದು ಖಾಲಿ ಕಾರಿಗೆ ಬೆಂಕಿಯಿಟ್ಟಿತು. 2025ರ ಅಕ್ಟೋಬರ್‌ನಲ್ಲಿ ಮಿಷನ್ ಬಡಾವಣೆಯ ಅಂಗಡಿಯೊಂದರ ಮುದ್ದಿನ ಬೆಕ್ಕು 'ಕಿಟ್‌ಕ್ಯಾಟ್' ವೇಮೊ ಚಕ್ರಕ್ಕೆ ಸಿಕ್ಕಿ ಸತ್ತಾಗ ನೆರೆಹೊರೆಯವರು ಹೂವು, ಮೇಣದಬತ್ತಿ ಇಟ್ಟು ಅತ್ತರು. ಮನುಷ್ಯರ ಕಾರಿಗೆ ಸಿಕ್ಕಿ ಸಾಯುವ ಬೆಕ್ಕುಗಳು ಎಷ್ಟೋ, ಅವು ಸುದ್ದಿಯಾಗುವುದಿಲ್ಲ. ಚಾಲಕನಿದ್ದರೆ ಬೈದು, ಜಗಳವಾಡಿ, ಕೊನೆಗೆ ಕ್ಷಮಿಸಿಯಾದರೂ ಸುಮ್ಮನಾಗಬಹುದು. ಖಾಲಿ ಸೀಟನ್ನು ಏನೆಂದು ಬೈಯುವುದು?

ಭಾರತದಲ್ಲಿ ಭಯದ ಮೂಲ ಬೇರೆ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೂ, ಮತ್ತೆ 2023ರಲ್ಲೂ ಇಂಥ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲ ಎಂದರು. ಚಾಲಕರ ಹೊಟ್ಟೆಪಾಡು ಅವರು ಕೊಟ್ಟ ಕಾರಣ. ಟ್ಯಾಕ್ಸಿ ಓಡಿಸಿ ಮಕ್ಕಳ ಫೀಸು ಕಟ್ಟುವ ಬೆಂಗಳೂರಿನ ಚಾಲಕನಿಗೆ ಲೇಸರ್ ಕಿರಣದ ಸೋಜಿಗಕ್ಕಿಂತ ಅದೇ ದೊಡ್ಡ ಪ್ರಶ್ನೆ.

ಸ್ಯಾನ್ ಬ್ರೂನೋ ಪೊಲೀಸರ ಪೇಚಿಗೆ ಪರಿಹಾರವೊಂದು ಆಗಲೇ ಸಿದ್ಧವಾಗಿತ್ತು. 2024ರಲ್ಲೇ ಕ್ಯಾಲಿಫೋರ್ನಿಯ ರಾಜ್ಯ ಹೊಸ ಕಾಯಿದೆ ಮಾಡಿ, ಜಾರಿಯ ದಿನವನ್ನು 2026ರ ಜುಲೈ 1 ಎಂದು ಗೊತ್ತುಮಾಡಿತ್ತು. ಅದರ ಪ್ರಕಾರ ನಿಯಮ ಮುರಿದ ಚಾಲಕರಹಿತ ಕಾರಿನ ಕಂಪೆನಿಯ ಹೆಸರಿಗೇ ಪೊಲೀಸರು ನೋಟಿಸು ಬರೆಯಬಹುದು. ದಂಡದ ಮೊತ್ತ ಎಷ್ಟೆಂದು ಮಾತ್ರ ಆ ಕಾಯಿದೆಯಲ್ಲಿ ಬರೆದಿಲ್ಲ.