ಕಿವಿಯೊಳಗೊಂದು ಮೆಕ್ಕೆಜೋಳದ ಹೊಲ

2021ರ ಜನವರಿ 21, ರಾತ್ರಿ ಹತ್ತು ದಾಟಿತ್ತು. ಶಿವಮೊಗ್ಗದ ಹುಣಸೋಡು ಕಲ್ಲು ಕ್ವಾರಿ ಹತ್ತಿರ ಲಾರಿಯಲ್ಲಿದ್ದ ಜಿಲೆಟಿನ್ ಸ್ಫೋಟಕ ಸಿಡಿಯಿತು. ಸದ್ದು ದಾವಣಗೆರೆ ಜಿಲ್ಲೆಗೂ ಮುಟ್ಟಿತು. ಜನ ಭೂಕಂಪವೆಂದೇ ತಿಳಿದರು. ತಪ್ಪೇನಿಲ್ಲ. ಸದ್ದೆಂದರೆ ಗಾಳಿಯ ಒತ್ತಡದ ಅಲೆ. ಕಿಟಕಿಯ ಗಾಜನ್ನು ತಳ್ಳುವುದೂ ಅದೇ, ಕಿವಿಯ ತಮಟೆಯನ್ನು ತಳ್ಳುವುದೂ ಅದೇ.

150 ಡೆಸಿಬಲ್ ಮೀರಿದರೆ ತಮಟೆ ಹರಿಯಬಹುದು. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ, ಸುಮಾರು 60 ಕಿ.ಮೀ. ದೂರದ ಹಡಗಿನಲ್ಲಿ ಅರ್ಧಕ್ಕೂ ಹೆಚ್ಚು ನಾವಿಕರ ತಮಟೆ ಒಡೆಯಿತೆಂದು ಕಪ್ತಾನ ಬರೆದಿಟ್ಟಿದ್ದಾನೆ. ಸ್ಫೋಟಕ್ಕೆ ತೀರಾ ಹತ್ತಿರವಿದ್ದರೆ ಗಾಳಿ ತುಂಬಿದ ಶ್ವಾಸಕೋಶವೂ ಗಾಯಗೊಳ್ಳುತ್ತದೆ. ಆದರೂ ಹರಿದ ತಮಟೆ ಹೆಚ್ಚಾಗಿ ತಾನೇ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳದ್ದು ಇನ್ನೂ ಒಳಗಿದೆ.

ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯಾದಲ್ಲಿ ಸುಮಾರು 15,000 ಕೂದಲು ಕೋಶಗಳಿವೆ. ಸದ್ದು ಬಂದಾಗ ಅವುಗಳ ಎಳೆಗಳು, ಗಾಳಿಗೆ ಮೆಕ್ಕೆಜೋಳ ತೊನೆದಂತೆ, ಬಾಗಿ ಏಳುತ್ತವೆ. ಬಿರುಗಾಳಿಗೆ ಮಲಗಿದ ಪೈರಿನಲ್ಲಿ ಕೆಲವು ಎದ್ದಾವು, ಕೆಲವು ಬುಡದಲ್ಲೇ ಮುರಿದಾವು. ಮನುಷ್ಯನಲ್ಲಿ ಸತ್ತ ಕೋಶ ಮತ್ತೆ ಹುಟ್ಟದು. ಕೋಳಿಗೆ ಹುಟ್ಟುತ್ತದೆ, ಈ ಒಂದು ವಿಷಯದಲ್ಲಿ ಕೋಳಿಯೇ ಪುಣ್ಯವಂತ!

ಡಿಜೆ ಮೆರವಣಿಗೆ ಮುಗಿಸಿ ಮಲಗಿದಾಗ ಕಿವಿ ಗುಂಯ್ ಎನ್ನುತ್ತದೆ, ಬೆಳಗ್ಗೆ ಸರಿಹೋಗಿರುತ್ತದೆ. ಸರಿಹೋಯಿತೇ? 2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ನೋಡಿದ್ದೇ ಬೇರೆ: ಕೇಳುವ ಶಕ್ತಿ ಮರಳಿತ್ತು, ಕೋಶಕ್ಕೂ ನರಕ್ಕೂ ನಡುವಿನ ಬೆಸುಗೆ ಮಾತ್ರ ಕೆಲವೆಡೆ ಅರ್ಧದಷ್ಟು ಕಳಚಿಹೋಗಿತ್ತು.

ಕಿವಿಗೆ ಕಾವಲೇ ಇಲ್ಲವೆಂದಲ್ಲ. ಜೋರು ಸದ್ದಿಗೆ ಒಳಗಿನ ಪುಟ್ಟ ಸ್ನಾಯುವೊಂದು ಬಿಗಿಯುತ್ತದೆ. ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಪಟಾಕಿ ಅಷ್ಟರಲ್ಲಿ ಕೆಲಸ ಮುಗಿಸಿರುತ್ತದೆ.

ಸಿಡಿಯದೆ ದಿನವಿಡೀ ಮೊಳಗುವ ಸದ್ದೂ ಉಂಟು. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಅಸಲಿ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳಲ್ಲಿ ಮಗ್ಗದ ಸದ್ದಿಗೆ ಮಾತು ಕೇಳದೆ, ಕಾರ್ಮಿಕರು ತುಟಿ ನೋಡಿಯೇ ಹರಟುತ್ತಿದ್ದರು. ಕಿವಿ ಕೆಡುವ ಲೆಕ್ಕ ಡೆಸಿಬಲ್‌ನದಷ್ಟೇ ಅಲ್ಲ, ಹೊತ್ತಿನದೂ ಹೌದು. 85 ಡೆಸಿಬಲ್‌ಗೆ ದಿನಕ್ಕೆ 8 ತಾಸು ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಅದು ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು ಕಾಲು ತಾಸು.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂಥ ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮ ಕೊಟ್ಟಿರುವ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. 55ರಿಂದ 100ಕ್ಕೆ ಏರಿದರೆ ಸದ್ದಿನ ಶಕ್ತಿ ಸುಮಾರು 30,000 ಪಟ್ಟು ಹೆಚ್ಚಿತೆಂದರ್ಥ. ಬಯಲಿನಲ್ಲಾದರೆ ಡಿಜೆ ಪೆಟ್ಟಿಗೆಯಿಂದ ದೂರ ದುಪ್ಪಟ್ಟಾದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡೂ ಕಡೆ ಮನೆ ನಿಂತ ಬೀದಿಯಲ್ಲಿ ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ, ಅಷ್ಟು ಇಳಿಯದು. ಮಹಡಿಯ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದಿದ್ದರೂ ಎದೆಬಡಿತ ಏರುತ್ತದೆ, ರಕ್ತದೊತ್ತಡವೂ ಏರುತ್ತದೆ.