ಗದ್ದೆಯಲ್ಲಿ ಸೋತ ಅಕ್ಕಿ

1948ರ ಜೂನ್ 28ರಂದು ಸಂಜೆಯಾಗುವ ಹೊತ್ತಿಗೆ ಜಪಾನಿನ ಫುಕುಯಿ ನಗರ ಕುಸಿದುಬಿತ್ತು. 7.1 ತೀವ್ರತೆಯ ಭೂಕಂಪ. ಮೂರು ವರ್ಷದ ಹಿಂದೆ ಬಾಂಬಿನ ಮಳೆಗೆ ಸುಟ್ಟು, ಆಗಷ್ಟೇ ಎದ್ದು ನಿಲ್ಲುತ್ತಿದ್ದ ಊರು ಅದು. 3,700ಕ್ಕೂ ಹೆಚ್ಚು ಜನ ಸತ್ತರು. ಸುತ್ತಲ ಬಯಲಿನಲ್ಲಿ ನೆಲ ಬಿರಿದು ಮರಳುನೀರು ಉಕ್ಕಿತು, ನಾಟಿಯಾಗಿದ್ದ ಗದ್ದೆಗಳು ಹಾಳಾದವು. ಅಲ್ಲಿನ ಕೃಷಿ ಪ್ರಯೋಗ ಕೇಂದ್ರದ ಒಂದು ಗದ್ದೆಯಲ್ಲಿ ಮಾತ್ರ, ಆ ವರ್ಷವೇ ನೀಗಾಟಾದಿಂದ ಬಂದಿದ್ದ ಬೀಜದ ಪೈರು ಹಾಗೇ ಉಳಿದುಕೊಂಡಿತು. ಆಗ ಅದಕ್ಕೆ ಹೆಸರೂ ಇರಲಿಲ್ಲ, ಅದರ ಮೇಲೆ ಯಾರಿಗೂ ದೊಡ್ಡ ಆಸೆಯೂ ಇರಲಿಲ್ಲ. ಇವತ್ತು ಮನೆಯಲ್ಲಿ ಸುಶಿ ಮಾಡಬೇಕೆಂದು ಅಂಗಡಿಗೆ ಹೋದವರ ಕಣ್ಣಿಗೆ ಮೊದಲು ಬೀಳುವ ಕೊಶಿಹಿಕಾರಿ ಎಂಬ ಅಕ್ಕಿ ಆ ಪೈರಿನಿಂದ ಬಂದದ್ದು.

ಅದರ ಹುಟ್ಟು ಇನ್ನೂ ನಾಲ್ಕು ವರ್ಷ ಹಿಂದಿನದು. 1944ರಲ್ಲಿ, ಯುದ್ಧದ ನಡುವೆ, ನೀಗಾಟಾ ಪ್ರಾಂತದ ನಗಾವೊಕಾದಲ್ಲಿದ್ದ ಪ್ರಯೋಗ ಕೇಂದ್ರದಲ್ಲಿ ತಕಹಾಶಿ ಹಿರೋಯುಕಿ ಎಂಬ ತಳಿತಜ್ಞರು ಎರಡು ಭತ್ತಗಳನ್ನು ಕೂಡಿಸಿದರು. ತಾಯಿ ನೋರಿನ್ 22, ತಂದೆ ನೋರಿನ್ 1. ಈ ನೋರಿನ್ 1ರ ಬಗ್ಗೆ ಒಂದು ಮಾತು ಹೇಳಲೇಬೇಕು. ನೀಗಾಟಾದ ಅಕ್ಕಿಯನ್ನು ಹಕ್ಕಿಗಳೂ ಮೂಸದೆ ದಾಟಿಹೋಗುತ್ತವೆ ಎಂದು ಜನ ಹಳಿಯುತ್ತಿದ್ದ ಕಾಲ ಒಂದಿತ್ತು. ಬೇಗ ಕೊಯ್ಲಿಗೆ ಬರುವ, ತಿನ್ನಲು ರುಚಿಯಾದ ನೋರಿನ್ 1 ಅನ್ನು 1931ರಲ್ಲಿ ತಳಿತಜ್ಞ ನಮಿಕಾವಾ ಶಿಗೆಸುಕೆ ಕೊಟ್ಟ ಮೇಲೆ ಆ ಅಪವಾದ ಕಳೆಯತೊಡಗಿತು. ಆದರೆ ಅದಕ್ಕೆ ಬೆಂಕಿ ರೋಗ ಬೇಗ ತಗುಲುತ್ತಿತ್ತು. ನೋರಿನ್ 22ಕ್ಕೆ ಆ ರೋಗ ತಡೆಯುವ ಶಕ್ತಿ ಇತ್ತು. ತಾಯಿಯ ಗಟ್ಟಿತನ, ತಂದೆಯ ರುಚಿ ಮತ್ತು ಇಳುವರಿ ಒಂದೇ ಪೈರಿನಲ್ಲಿ ಸೇರಲಿ ಎಂಬುದು ಲೆಕ್ಕಾಚಾರ.

ಭತ್ತದ ಸಂಕರ ಎಷ್ಟು ಸೂಕ್ಷ್ಮದ ಕೆಲಸ ಎಂಬುದು ಅನ್ನ ಉಣ್ಣುವ ನಮಗೂ ತಿಳಿದಿರಬೇಕು. ಭತ್ತದ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಬೆಳಗು ಏರಿದ ಮೇಲೆ ಒಂದೆರಡು ಗಂಟೆ ಬಿರಿದು ಮುಚ್ಚಿಕೊಳ್ಳುತ್ತದೆ. ಹಾಗಾಗಿ ತಾಯಿ ತೆನೆಯ ಪರಾಗವನ್ನು ಮೊದಲು ಕೊಲ್ಲಬೇಕು. ಅದಕ್ಕೆ ಜಪಾನಿನ ತಳಿಗಾರರು ತೆನೆಯನ್ನು ಸುಮಾರು 43 ಡಿಗ್ರಿ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿಡುವುದುಂಟು. ಪರಾಗ ಸಾಯುತ್ತದೆ, ಅಂಡಾಶಯ ಉಳಿಯುತ್ತದೆ. ಆಮೇಲೆ ತಂದೆ ತೆನೆಯನ್ನು ಮೇಲೆ ಹಿಡಿದು ಕೊಡವಬೇಕು. ಇಷ್ಟಾದರೂ ಸಿಗುವುದು ಬೆರಳೆಣಿಕೆಯ ಕಾಳು.

ನಗಾವೊಕಾದಲ್ಲಿ ಸಿಕ್ಕ ಕಾಳುಗಳು ಮರುವರ್ಷ ಮಣ್ಣಿಗೆ ಬೀಳಲಿಲ್ಲ. 1945ರಲ್ಲಿ ತಳಿ ಕೆಲಸವೇ ನಿಂತಿತ್ತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಿತ್ತನೆಯಾಯಿತು. ಮುಂದಿನ ತಲೆಮಾರುಗಳಲ್ಲಿ ಕಂಡದ್ದು ನಿರಾಸೆ. ಪೈರು ಎತ್ತರ, ದಂಟು ಮೆತ್ತಗೆ, ತೆನೆ ತುಂಬುತ್ತಲೇ ನೆಲಕ್ಕೆ ಒರಗುತ್ತಿತ್ತು. ಯಾವ ರೋಗವನ್ನು ತಡೆಯಲೆಂದು ಈ ಸಂಬಂಧ ಮಾಡಿದ್ದರೋ ಆ ಬೆಂಕಿ ರೋಗವೂ ಬಿಡಲಿಲ್ಲ. ಫುಕುಯಿಯಲ್ಲಿ ಹೊಸ ತಳಿ ಕೇಂದ್ರ ಶುರುವಾದಾಗ ಈ ಸಂಕರದ ಕೆಲವು ಸಾಲುಗಳನ್ನು ಅಲ್ಲಿಗೆ ಕಳಿಸಿದರು.

ಫುಕುಯಿಯಲ್ಲಿ ಅವು ತಳಿತಜ್ಞ ಇಶಿಜುಮಿ ಕೇಯಿಚಿರೊ ಅವರ ಕೈಗೆ ಬಂದವು. ದಂಟು ದುರ್ಬಲ, ರೋಗದ ಭಯ ಇದ್ದೇ ಇದೆ. ಆದರೆ ಮಾಗಿದಾಗ ಆ ಪೈರಿನ ಬಣ್ಣ ಅಷ್ಟು ನಿರ್ಮಲವಾಗಿತ್ತು, ಕಾಳು ಅಷ್ಟು ಚೆನ್ನಾಗಿತ್ತು. ಅವರು ಬಿಡಲಿಲ್ಲ. ಊರು ಮಣ್ಣುಪಾಲಾದ ವರ್ಷದಿಂದ ಹಿಡಿದು ವರ್ಷ ವರ್ಷವೂ ಆರಿಸುತ್ತ ಬಂದರು. 1953ರಲ್ಲಿ ಅದಕ್ಕೆ ಎತ್ಸುನಾನ್ 17 ಎಂಬ ಪ್ರಯೋಗದ ಹೆಸರು ಸಿಕ್ಕಿತು. ಈ ಕತೆಯಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲಿಯೇ. ಹಸಿವಿನ ಆ ದಿನಗಳಲ್ಲಿ ದೇಶ ಕೇಳುತ್ತಿದ್ದದ್ದು ಮೂಟೆಗಟ್ಟಲೆ ಇಳುವರಿ, ಬೀಳದ ಪೈರು. ಆ ಎರಡೂ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಒಂದು ತಳಿಯನ್ನು, ಅದರ ಮಾಗಿದ ಚೆಲುವನ್ನು ನಂಬಿ ಉಳಿಸಿಕೊಳ್ಳಲು ಎಂಥ ಕಣ್ಣು ಬೇಕು!

ಬೇರೆ ಬೇರೆ ಪ್ರಾಂತಗಳಿಗೆ ಪರೀಕ್ಷೆಗೆ ಕಳಿಸಿದಾಗ ಬಹುಪಾಲು ಕೇಂದ್ರಗಳು ಬೇಡವೆಂದವು. ಫುಕುಯಿಯೂ ಆಗ ಅದನ್ನು ತನ್ನ ರೈತರಿಗೆ ಕೊಡಲಿಲ್ಲ. ಮುಂದೆ ಬಂದದ್ದು ನೀಗಾಟಾ, ಅಂದರೆ ಅದರ ತವರು. ಅಲ್ಲಿನ ಪ್ರಯೋಗ ಕೇಂದ್ರದ ಮುಖ್ಯಸ್ಥ ಸುಗಿತಾನಿ ಅವರ ವಾದ ನೇರವಾಗಿತ್ತು: ಬೇಸಾಯದ ಕ್ರಮ ತಿದ್ದಿ ಸರಿಪಡಿಸಬಹುದಾದ ದೋಷಕ್ಕಾಗಿ ಒಂದು ತಳಿಯನ್ನು ಎಸೆಯಬಾರದು. 1956ರಲ್ಲಿ ಅದು ನೋರಿನ್ 100 ಎಂದು ನೋಂದಣಿಯಾಗಿ ಕೊಶಿಹಿಕಾರಿ ಆಯಿತು. ಸಾರಜನಕ ಗೊಬ್ಬರ ಕಡಿಮೆ ಮಾಡಿ, ಮೇಲುಗೊಬ್ಬರದ ಹೊತ್ತು ನೋಡಿ ಹಾಕಿ, ಒರಗುವ ಪೈರನ್ನು ನಿಲ್ಲಿಸಿಕೊಳ್ಳುವುದನ್ನು ರೈತರು ನಿಧಾನವಾಗಿ ಕಲಿತರು.

ಆದರೂ ರುಚಿಗೆ ಬೆಲೆ ಸಿಗಲು ಇನ್ನೂ ಕಾಯಬೇಕಾಯಿತು. 1942ರ ಆಹಾರ ನಿಯಂತ್ರಣ ಕಾನೂನಿನಂತೆ ಅಕ್ಕಿ ಕೊಳ್ಳುತ್ತಿದ್ದದ್ದು ಸರ್ಕಾರ. ರುಚಿಯಾದ ಅಕ್ಕಿ ಬೆಳೆದವನಿಗೆ ಅದರಿಂದ ಹೆಚ್ಚೇನೂ ಸಿಗುತ್ತಿರಲಿಲ್ಲ. 1960ರ ದಶಕದ ಕೊನೆಗೆ ಗೋದಾಮುಗಳು ತುಂಬಿ ತುಳುಕಿದವು. 1969ರಲ್ಲಿ ಒಳ್ಳೆಯ ಅಕ್ಕಿಯನ್ನು ಸರ್ಕಾರದ ಕೈ ಬಳಸದೆ, ಗುಣಕ್ಕೆ ತಕ್ಕ ಬೆಲೆಗೆ ಮಾರುವ ದಾರಿ ತೆರೆಯಿತು. ಆಗ ಕೊಶಿಹಿಕಾರಿಯ ದಿನ ಬಂತು. 1979ರಿಂದ ಜಪಾನಿನಲ್ಲಿ ಅತಿ ಹೆಚ್ಚು ವಿಸ್ತಾರದಲ್ಲಿ ಬೆಳೆಯುವ ಭತ್ತ ಅದೇ.

ಹಾಗಾದರೆ ಸುಶಿಗೂ ಅದೇ ಒಳ್ಳೆಯದೇ? ನನ್ನ ಉತ್ತರ: ಮನೆಗೆ ಸಾಕಷ್ಟು ಒಳ್ಳೆಯದು, ಆದರೆ ಸುಶಿಗೆಂದೇ ಹುಟ್ಟಿದಂತಿರುವುದು ಅದರ ಸೋದರನ ಮಗ. 1944ರ ಅದೇ ಸಂಕರದ ಇನ್ನೊಂದು ಕುಡಿ ಹಾತ್ಸುನಿಶಿಕಿ. ಅದಕ್ಕೆ ಸಾಸಾಶಿಗುರೆ ಎಂಬ ತಳಿಯನ್ನು ಕೂಡಿಸಿ ಮಿಯಾಗಿ ಪ್ರಾಂತದ ಫುರುಕಾವಾ ಕೇಂದ್ರದವರು 1963ರಲ್ಲಿ ಸಾಸಾನಿಶಿಕಿಯನ್ನು ಹೊರತಂದರು. ಕೊಶಿಹಿಕಾರಿಯ ಅನ್ನ ಜಿಗುಟು, ಸಿಹಿ, ಬಾಯಿ ತುಂಬುವಂಥದ್ದು. ಸಾಸಾನಿಶಿಕಿಯದು ಹಗುರ, ಅಂಟು ಕಡಿಮೆ. ಬೆರಳಲ್ಲಿ ಒತ್ತಿದಾಗ ಕೂಡಿಕೊಳ್ಳುತ್ತದೆ, ನಾಲಿಗೆಯ ಮೇಲೆ ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತದೆ. ವಿನೆಗರ್ ಕಾಳಿನ ಒಳಗೆ ಇಳಿದರೂ ಮುದ್ದೆಯಾಗುವುದಿಲ್ಲ. ಸುಶಿ ಬಾಣಸಿಗರು ಅದನ್ನು ಹುಡುಕಿಕೊಂಡು ಹೋದದ್ದು ಇದಕ್ಕೇ. ಅದಕ್ಕೂ ಕಷ್ಟ ಬಂತು. 1993ರ ಬೇಸಿಗೆ ಬೇಸಿಗೆಯಾಗಲೇ ಇಲ್ಲ. ಚಳಿಗೆ ತೆನೆ ಜೊಳ್ಳಾಯಿತು, ಜಪಾನ್ ಹೊರಗಿನಿಂದ ಅಕ್ಕಿ ತರಿಸಬೇಕಾಯಿತು. ಚಳಿ ತಡೆಯದ ಸಾಸಾನಿಶಿಕಿಯನ್ನು ಬಿಟ್ಟು ಮಿಯಾಗಿಯ ರೈತರು, ಕೊಶಿಹಿಕಾರಿಯದೇ ಮಗುವಾದ ಹಿತೊಮೆಬೊರೆಗೆ ಹೊರಳಿದರು. ಈಗ ಸಾಸಾನಿಶಿಕಿ ಬೆಳೆಯುವವರು ಕಡಿಮೆ. ಸಿಕ್ಕರೆ ಬಿಡಬೇಡಿ.

ಚೀಲ ಕೊಳ್ಳುವಾಗ ತಳಿಯ ಹೆಸರು, ಬೆಳೆದ ಜಾಗ, ಕೊಯ್ಲಿನ ವರ್ಷ, ಪಾಲಿಶ್ ಮಾಡಿದ ದಿನ, ಇವನ್ನು ನೋಡಿ. ‘ಸುಶಿ ಅಕ್ಕಿ’ ಎಂಬುದು ತಳಿಯ ಹೆಸರಲ್ಲ. ಆ ಹೆಸರಿನ ಚೀಲದಲ್ಲಿ ಎಷ್ಟೋ ಸಲ ಇರುವುದು ಕ್ಯಾಲ್‌ರೋಸ್, 1948ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ಸ್ ಕೇಂದ್ರ ಬಿಡುಗಡೆ ಮಾಡಿದ ನಡು ಉದ್ದದ ಅಕ್ಕಿ. ಸುಶಿಗೆ ಅದೂ ನಡೆಯುತ್ತದೆ. ಹೊಸ ಅಕ್ಕಿಯೇ ಶ್ರೇಷ್ಠ ಎಂಬ ನಂಬಿಕೆಯನ್ನು ಇಲ್ಲಿ ಬಿಡಬೇಕು. ಹೊಸದರಲ್ಲಿ ನೀರಿನಂಶ ಹೆಚ್ಚು, ವಿನೆಗರ್ ಹೀರುವುದು ಕಡಿಮೆ. ಅದಕ್ಕೇ ಸುಶಿ ಅಂಗಡಿಗಳಲ್ಲಿ ಹಳೆ ಅಕ್ಕಿಯನ್ನು ಬೆರೆಸುವುದುಂಟು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಹಳೆಯದನ್ನೇ ಕೇಳಿ ಕೊಳ್ಳುವ ನಮ್ಮ ಮನೆಗಳಿಗೆ ಇದು ಅರ್ಥವಾಗುವ ಮಾತು.

ನಮ್ಮ ಸೋನಾ ಮಸೂರಿಯಲ್ಲಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಗದು. ಪಿಷ್ಟದಲ್ಲಿ ಅಮೈಲೋಸ್ ಹೆಚ್ಚಿದ್ದಷ್ಟೂ ಅನ್ನ ಉದುರು, ಕಡಿಮೆಯಿದ್ದಷ್ಟೂ ಅಂಟು. ಸೋನಾ ಮಸೂರಿಯಲ್ಲಿ ಅದು ಕೊಶಿಹಿಕಾರಿಗಿಂತ ಸಾಕಷ್ಟು ಹೆಚ್ಚು. ಹಾಗಿದ್ದರೂ ಎರಡಕ್ಕೂ ದೂರದ ನೆಂಟಸ್ತಿಕೆ ಇದೆ. 1950ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕಟಕ್‌ನ ಭತ್ತ ಸಂಶೋಧನಾ ಕೇಂದ್ರದಲ್ಲಿ ನಮ್ಮ ಕಡೆಯ ಇಂಡಿಕಾ ಭತ್ತಕ್ಕೆ ಜಪೋನಿಕಾ ಭತ್ತವನ್ನು ಕೂಡಿಸುವ ಯೋಜನೆ ನಡೆಸಿತು. ಅದರಲ್ಲಿ ಮಲಯಾದ ಮಾಯಾಂಗ್ ಎಬೋಸ್ ತಳಿಗೂ ತೈಚುಂಗ್ 65ಕ್ಕೂ ಆದ ಸಂಕರದಿಂದ ಬಂದದ್ದು ಮಹ್ಸೂರಿ. ಆ ತೈಚುಂಗ್ 65, ತೈವಾನ್ ಜಪಾನಿನ ಆಳ್ವಿಕೆಯಲ್ಲಿದ್ದಾಗ ಎರಡು ಜಪಾನಿ ಭತ್ತಗಳಿಂದ ಹುಟ್ಟಿದ್ದು. ಮಹ್ಸೂರಿಗೆ ಸೋನಾ ಎಂಬ ತಳಿ ಕೂಡಿ ಸೋನಾ ಮಸೂರಿಯಾಯಿತು. ನಾವು ದಿನವೂ ಸಾರು ಕಲಸಿ ಉಣ್ಣುವ ಅನ್ನದಲ್ಲಿ ಜಪಾನಿನ ಭತ್ತದ ಒಂದು ಪಾಲು ಇದೆ ಎಂದು ತಿಳಿದಾಗಿನಿಂದ ನನಗೆ ಎರಡರ ಮೇಲೂ ಪ್ರೀತಿ ಹೆಚ್ಚಾಗಿದೆ.

ಇನ್ನು ಒಲೆಯ ಕೆಲಸ. ಅಕ್ಕಿಗೆ ಮೊದಲು ಸುರಿದ ನೀರನ್ನು ಕೂಡಲೇ ಚೆಲ್ಲಿ, ಒಣ ಅಕ್ಕಿ ಆ ಮೊದಲ ನೀರನ್ನೇ ಹೆಚ್ಚು ಹೀರುತ್ತದೆ, ಅದರಲ್ಲಿ ತವುಡಿನ ವಾಸನೆ ಇರುತ್ತದೆ. ಆಮೇಲೆ ಕಾಳು ಮುರಿಯದಂತೆ ಹಗುರ ಕೈಯಲ್ಲಿ ಮೂರ್ನಾಲ್ಕು ನೀರು ತೊಳೆದು ಅರ್ಧ ಗಂಟೆ ನೆನೆಸಿ. ನೆನೆಯದ ಕಾಳಿನ ನಡುವೆ ಬೇಯದ ಬಿಳಿ ಉಳಿಯುತ್ತದೆ. ಸುಶಿಗೆ ನೀರು ಅಕ್ಕಿಯಷ್ಟೇ ಅಳತೆ ಸಾಕು, ಕೊಶಿಹಿಕಾರಿಯಾದರೆ ಅದಕ್ಕಿಂತ ಒಂದೆರಡು ಚಮಚ ಕಡಿಮೆ, ಏಕೆಂದರೆ ಆಮೇಲೆ ವಿನೆಗರ್‌ನ ನೀರೂ ಸೇರುವುದಿದೆ. ಒಂದು ತುಂಡು ಕೊಂಬು, ಅಂದರೆ ಒಣಗಿಸಿದ ಕಡಲ ಪಾಚಿ, ಮೇಲಿಟ್ಟರೆ ರುಚಿ ಏರುತ್ತದೆ, ಕುದಿ ಬರುವ ಮೊದಲೇ ತೆಗೆಯಬೇಕು. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ, ಉರಿ ಆರಿಸಿ ಇನ್ನು ಹತ್ತು ನಿಮಿಷ. ನಡುವೆ ಮುಚ್ಚಳ ತೆಗೆಯಲೇಬಾರದು.

300 ಗ್ರಾಂ ಅಕ್ಕಿಗೆ 50 ಮಿಲಿಲೀಟರ್ ಅಕ್ಕಿಯ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು; ಇವನ್ನು ಕುದಿಸದೆ, ಕರಗುವಷ್ಟೇ ಬಿಸಿ ಮಾಡಿ. ಅನ್ನ ಹಬೆಯಾಡುತ್ತಿರುವಾಗಲೇ ಅಗಲ ಮರಿಗೆಗೆ ಬಗ್ಗಿಸಿ ಇದನ್ನು ಚಿಮುಕಿಸಬೇಕು. ಆರಿದ ಅನ್ನ ವಿನೆಗರನ್ನು ಒಳಗೆ ಬಿಟ್ಟುಕೊಳ್ಳದು, ಮೇಲೆ ನಿಂತು ಒದ್ದೆಯಾಗುತ್ತದೆ. ಮೊಸರನ್ನಕ್ಕೆ ಕಿವುಚಿದಂತೆ ಕಿವುಚದೆ, ಮರದ ಸಟ್ಟುಗವನ್ನು ಓರೆಯಾಗಿ ಹಿಡಿದು ಕೊಯ್ಯುತ್ತ, ಮಗುಚುತ್ತ ಹೋಗಿ. ಕಾಳು ವಿನೆಗರ್ ಕುಡಿದ ಮೇಲೆ ಬೀಸಣಿಗೆ ಹಿಡಿಯಿರಿ: ಮೇಲಿನ ತೇವ ಹಾರಿ ಕಾಳಿಗೆ ಹೊಳಪು ಬರುತ್ತದೆ. ಮೈಬಿಸಿಯಷ್ಟಾದಾಗ ಒದ್ದೆ ಬಟ್ಟೆ ಮುಚ್ಚಿ, ಅದೇ ಹೊತ್ತಿನಲ್ಲಿ ಬಳಸಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ತಣ್ಣಗಾದಂತೆ ಪಿಷ್ಟ ಮತ್ತೆ ಬಿಗಿದುಕೊಂಡು ಕಾಳು ಗಟ್ಟಿಯಾಗುತ್ತದೆ, ಆಗ ಕೊಶಿಹಿಕಾರಿಗೂ ಬೇರೆ ಅಕ್ಕಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.